ಎಲ್ಲಾ ಸ್ಟಾಪಿನಲ್ಲೂ ನಿಲ್ಲುವ ಮನೆಗಾಡಿ

ನನ್ನ ಗಂಡನ ಹಿಂದಲೆಯನ್ನು ನನ್ನಷ್ಟು ನೋಡಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಕ್ಕಿಲ್ಲ. ಬಲಗಿವಿಯ ಹಿಂದೊಂದು ಮಚ್ಚೆ, ನೆತ್ತಿಗಿಂತ ತುಸು ಕೆಳಗೆ ಒಂದು ಸುಳಿ. ಆ ಸುಳಿ ಬೆಳ್ಳಗಾದದ್ದನ್ನೂ, ಆಮೇಲೆ ಕೂದಲುದುರಿ ಸುಳಿಯೇ ಇಲ್ಲವಾದದ್ದನ್ನೂ ದಿನದಿನವೂ ಕಣ್ಣಾರೆ ಕಂಡವಳು ನಾನು. ಮುಖದ ವಿಷಯ ಮಾತ್ರ ಕೇಳಬೇಡಿ. ಅವರು ಬಸ್ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ನೌಕರಿ ಪೂರ್ತಿ ರೈಲ್ವೆ ಸ್ಟೇಷನ್ನಿನಿಂದ ಸೋಪಿನ ಕಾರ್ಖಾನೆಗೆ, ಸೋಪಿನ ಕಾರ್ಖಾನೆಯಿಂದ ರೈಲ್ವೆ ಸ್ಟೇಷನ್ನಿಗೆ. ಅವರು ರಸ್ತೆ ನೋಡಿಕೊಂಡು, ನಾನು ಅವರ ಬೆನ್ನು ನೋಡಿಕೊಂಡು. ಮನೆಗೆ ಬಂದರೆ ಉಂಡು, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಅಲ್ಲಿಯೂ ನನಗೆ ಹಿಂದಲೆಯೇ ಗತಿ.

ನಾವು ಜಗಳವಾಡಿಲ್ಲ ಅಂತಲ್ಲ. ಆಡಿದ್ದೇವೆ, ಆದರೆ ಕನ್ನಡಿಯಲ್ಲಿ. ಡ್ರೈವರ್ ತಲೆಯ ಮೇಲಿರುವ ಉದ್ದನೆಯ ಕನ್ನಡಿಯಲ್ಲಿ ನಾನು ಕಣ್ಣು ಕೆಕ್ಕರಿಸಿದರೆ ಅವರು ಒಂದು ಹುಬ್ಬು ಹಾರಿಸುತ್ತಿದ್ದರು. ಬರೀ ಒಂದು ಹುಬ್ಬಿನ ಜೊತೆ ಎಷ್ಟೂಂತ ಜಗಳ ಕಾಯುವುದು ಹೇಳಿ.

ಹಾಗಾಗಿ ಇಬ್ಬರಿಗೂ ನಿವೃತ್ತಿಯಾದಾಗ ನಾನು ಕೇಳಿದ್ದು ಒಂದೇ ಒಂದು. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ.

“ಸಮುದ್ರಕ್ಕೆ ಹೋಗೋಣ ರೀ. ನಾವಿಬ್ಬರೇ. ನೀರಲ್ಲಿ ಎದುರುಬದುರು ನಿಂತ್ಕೊಂಡು ಒಂದಿಷ್ಟು ಮಾತಾಡೋಣ.”

“ಏನು ಮಾತಾಡೋದು?” ಅಂದರು.

“ಅದನ್ನ ಅಲ್ಲಿ ಹೋಗಿ ನೋಡ್ಕೊಳ್ಳೋಣ. ಮೊದಲು ಎದುರುಬದುರು ನಿಲ್ಲೋಣ.”

ಆಗಲಿ ಅಂದರು. ಅವರ ಬಾಯಿಂದ ‘ಆಗಲಿ’ ಸಲೀಸಾಗಿ ಬರುತ್ತದೆ. ಆಗುವುದು ಮಾತ್ರ ದೇವರಿಗೇ ಪ್ರೀತಿ.

ನನ್ನ ತಮ್ಮ ಆಂಬುಲೆನ್ಸುಗಳಿಗೆ ತಗಡಿನ ಬಾಡಿ ಕಟ್ಟುವವನು. ಅವನೇ ಒಂದು ಹಳೇ ವ್ಯಾನು ಹುಡುಕಿ, ಅದರೊಳಗೆ ಹಾಸಿಗೆ, ಎರಡು ಬರ್ನರಿನ ಒಲೆ, ನಲ್ಲಿಯಿರುವ ಪುಟ್ಟ ಸಿಂಕು, ಕಿಟಕಿಗೆ ಹೂವಿನ ಪರದೆ ಎಲ್ಲಾ ಮಾಡಿಕೊಟ್ಟ. ಇದಕ್ಕೆ ಕ್ಯಾರವಾನ್ ಅಂತಾರೆ ಅಕ್ಕಾ ಅಂದ. ನಾನು ಮನೆಗಾಡಿ ಅಂತ ಕರೆದೆ. ಆಂಬುಲೆನ್ಸಿನ ಕೈ ಆದ್ದರಿಂದ ಹಾಸಿಗೆಯ ಎರಡೂ ಬದಿಗೆ ಕಂಬಿ ಬಂತು, ಎದೆಗೆ ಕಟ್ಟುವ ಬೆಲ್ಟೂ ಬಂತು. ಇದ್ಯಾಕೋ ಅಂದರೆ ಇರಲಿ ಬಿಡಕ್ಕ, ಭದ್ರ ಅಂದ.

“ಭಾವ, ನಿಮ್ಮ ಪಕ್ಕದಲ್ಲಿ ಅಕ್ಕನಿಗೊಂದು ಸೀಟು ಇಡ್ತೀನಿ” ಅಂತ ಅವನು ಅಳತೆ ತೆಗೆಯಲು ಹೋದರೆ ಇವರು ತಡೆದರು.

“ಡ್ರೈವರ್ ಪಕ್ಕ ಯಾರೂ ಕೂರೋ ಹಾಗಿಲ್ಲ ಕಣೋ. ಅಲ್ಲಿ ಬಾಗಿಲು ಇರಲಿ. ಅವಳಿಗೆ ಹಿಂದೆ ಒಂದು ಸ್ಟೂಲ್ ಹಾಕು.”

ಆ ಸ್ಟೂಲಿನ ಮಾತು ಕೇಳಿದಾಗಲೇ ನನಗೆ ತಿಳಿಯಬೇಕಿತ್ತು. ಸಮುದ್ರದ ಆಸೆಯಲ್ಲಿ ಬುದ್ಧಿಗೆ ಮಂಕು ಕವಿದಿತ್ತು.

ಕಡಲ ತೀರದ ರಸ್ತೆ ಒಂದು ಸಣ್ಣ ಪೇಟೆಯಿಂದ ಶುರುವಾಗಿ ಒಂದು ದೀಪಸ್ತಂಭದ ಹತ್ತಿರ ಮುಗಿಯುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬರೀ ನೀರು. ಪೇಟೆ ದಾಟಿದ್ದೇ ತಡ, ಗಾಳಿ ಒಳಗೆ ಬಂದು ಪರದೆಯೆಲ್ಲಾ ಎದ್ದು ಕುಣಿಯಿತು. ನನಗೂ ಎದ್ದು ಕುಣಿಯಬೇಕು ಅನಿಸಿತು. ಅಷ್ಟರಲ್ಲಿ ಗಾಡಿ ನಿಧಾನವಾಗಿ ಬದಿಗೆ ಸರಿದು ನಿಂತಿತು.

“ಯಾಕ್ರೀ ನಿಲ್ಲಿಸಿದ್ರಿ?”

“ಸ್ಟಾಪು.”

ನೋಡಿದರೆ ನಿಜವಾಗಿಯೂ ಬಸ್ ಸ್ಟಾಪು. ತಗಡಿನ ಮಾಡು, ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೊಂದು ನಾಯಿ.

“ನಮ್ಮದು ಬಸ್ಸಲ್ಲ ಕಣ್ರೀ.”

“ನಂಗೊತ್ತು ಕಣೇ. ಕಾಲಿಗೆ ಗೊತ್ತಾಗ್ಬೇಕಲ್ಲ.”

ಅವರ ಕಾಲು ಬ್ರೇಕಿನ ಮೇಲೆ ಕೂತುಬಿಟ್ಟಿತ್ತು. ಇಂಜಿನ್ ಗುರುಗುಟ್ಟುತ್ತಿದೆ, ಗಾಡಿ ಹೊರಡುತ್ತಿಲ್ಲ. ಅವರು ಕಾಯುತ್ತಿದ್ದುದು ಏನಕ್ಕೆ ಅಂತ ನನಗೆ ಗೊತ್ತಿತ್ತು. ಹೇಳಬಾರದು ಅಂತ ಹಲ್ಲು ಕಚ್ಚಿ ಕೂತೆ. ನಾಯಿ ನನ್ನನ್ನು ನೋಡಿತು, ನಾನು ನಾಯಿಯನ್ನು ನೋಡಿದೆ. ಕೊನೆಗೆ “ರೈಟ್” ಅಂದೆ. ಗಾಡಿ ಹೊರಟಿತು.

ಹೀಗೆ ಒಂದೊಂದು ಸ್ಟಾಪಿನಲ್ಲೂ ನಿಂತು, ರೈಟ್ ಅನ್ನಿಸಿಕೊಂಡು ಹೋಗುತ್ತಿದ್ದೆವು. ಖಾಲಿ ಸ್ಟಾಪುಗಳಾದರೆ ಹಾಳಾಗಲಿ, ಸಹಿಸಬಹುದಿತ್ತು. ಒಂದು ತಿರುವಿನ ಹತ್ತಿರದ ಸ್ಟಾಪಿನಲ್ಲಿ ಗಡಿಯಾರ ರಿಪೇರಿಯವ ಒಬ್ಬ, ಕಂಕುಳಲ್ಲಿ ತನ್ನ ಹತಾರದ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ. ಬಾಗಿಲು ತೆರೆದು ಇಣುಕಿ, “ಇದು ದೀಪಸ್ತಂಭಕ್ಕೆ ಹೋಗುತ್ತಾ?” ಅಂತ ಕೇಳಿದ.

“ಬನ್ನಿ ಬನ್ನಿ, ಒಳಗೆ ಬನ್ನಿ, ಹಿಂದೆ ಜಾಗ ಇದೆ.”

ಇದನ್ನು ಹೇಳಿದ್ದು ನಾನಲ್ಲ, ಆಣೆ ಮಾಡಿ ಹೇಳುತ್ತೇನೆ, ನನ್ನ ನೌಕರಿ ಹೇಳಿತು. ಅವನು ಬಂದು ನಮ್ಮ ಹಾಸಿಗೆಯ ಮೇಲೆ ಕೂತ. ಒಲೆ ನೋಡಿದ, ಸಿಂಕು ನೋಡಿದ, ಪರದೆ ಮುಟ್ಟಿ ನೋಡಿದ.

“ಬಸ್ಸು ಸುಧಾರಿಸಿದೆ” ಅಂದ. “ಮೊದಲು ಹೀಗಿರಲಿಲ್ಲ. ಆಮೇಲಾಮೇಲೆ ಬರೋದೇ ನಿಂತುಹೋಯ್ತು. ದಿನಾ ಬಂದು ಸ್ಟಾಪಲ್ಲಿ ನಿಲ್ತಿದ್ದೆ, ಬಂದರೂ ಬಂದೀತು ಅಂತ.”

ನಿಜವಾದ ಬಸ್ಸು ಯಾವಾಗಲೋ ನಿಂತುಹೋಗಿದ್ದ ರಸ್ತೆ ಅದು. ಸ್ಟಾಪುಗಳು ಉಳಿದಿದ್ದವು, ಕಾಯುವವರೂ ಉಳಿದಿದ್ದರು. ಇದನ್ನು ಕೇಳಿದ ನನ್ನ ಗಂಡ ಕನ್ನಡಿಯಲ್ಲಿ ಹುಬ್ಬು ಹಾರಿಸಿ “ಪಾಪ ಕಣೇ” ಅಂದರು. ಊರವರ ಮೇಲೆಲ್ಲಾ ಅವರಿಗೆ ಪಾಪ. ಹೆಂಡತಿ ಒಬ್ಬಳು ಬಿಟ್ಟು.

ದೀಪಸ್ತಂಭ ಬಂತು. ಬಂಡೆಗಳ ಕೆಳಗೆ, ಹತ್ತು ಹೆಜ್ಜೆಯಾಚೆ ನೀರು. ನಾನು ಚಪ್ಪಲಿ ಬಿಟ್ಟು ಸೆರಗು ಸಿಕ್ಕಿಸಿಕೊಂಡು ರೆಡಿಯಾದೆ. ಇವರು ಗಾಡಿ ತಿರುಗಿಸಿ ನಿಲ್ಲಿಸಿದರು, ಕೆಳಗಿಳಿದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ನಿಂತುಕೊಂಡೇ ಕುಡಿದರು, ಟೈರುಗಳಿಗೆ ಒಂದೊಂದು ಒದೆ ಕೊಟ್ಟರು, ವಾಚು ನೋಡಿದರು, ಮತ್ತೆ ಹತ್ತಿ ಕೂತರು.

“ಬನ್ರೀ, ನೀರು ಇಲ್ಲೇ ಇದೆ.”

“ಟೈಮಾಯ್ತು ಕಣೇ.”

“ಯಾತರ ಟೈಮು?”

“ರಿಟರ್ನ್ ಟ್ರಿಪ್ಪು. ನೋಡು, ಜನ ಹತ್ತುತಾ ಇದ್ದಾರೆ. ನಾಳೆ ಹೋಗೋಣ ಸಮುದ್ರಕ್ಕೆ, ಅದೇನು ಓಡಿಹೋಗುತ್ತಾ?”

ಹೀಗೆ ಶುರುವಾಯಿತು ನಮ್ಮ ಕಡಲ ತೀರದ ಪ್ರವಾಸ. ಪೇಟೆಯಿಂದ ದೀಪಸ್ತಂಭಕ್ಕೆ, ದೀಪಸ್ತಂಭದಿಂದ ಪೇಟೆಗೆ. ನಾಳೆ ಬಂತು, ನಾಡಿದ್ದೂ ಬಂತು. ಆಸ್ಪತ್ರೆಯ ನರ್ಸಮ್ಮ ಒಬ್ಬಳು ಬೆಳಗಿನ ಟ್ರಿಪ್ಪಿಗೆ ಹತ್ತಿ, ನಮ್ಮ ಹಾಸಿಗೆ ಕಂಡವಳೇ ಧೊಪ್ಪನೆ ಬಿದ್ದುಕೊಂಡಳು. “ರಾತ್ರಿಯೆಲ್ಲಾ ಡ್ಯೂಟಿ ಆಂಟಿ, ಲಾಸ್ಟ್ ಸ್ಟಾಪಲ್ಲಿ ಎಬ್ಬಿಸಿ” ಅಂತ ಹೇಳಿ, ತಾನೇ ಕಂಬಿ ಎತ್ತಿ ತಾನೇ ಬೆಲ್ಟು ಕಟ್ಟಿಕೊಂಡಳು. ನಿಂತವರು ನಾನು ಬಟ್ಟೆ ಒಣಗಿಸಲು ಕಟ್ಟಿದ್ದ ಹಗ್ಗ ಹಿಡಿದು ತೂಗಾಡುತ್ತಿದ್ದರು. ತಿರುವು ಬಂದಾಗ ಕೆಲವರ ಕೈಗೆ ಇವರ ಬನಿಯನ್ನೂ ಸಿಗುತ್ತಿತ್ತು, ಹಿಡಿದುಕೊಳ್ಳುತ್ತಿದ್ದರು. ಹಣದ ಮಾತು ಬಿಡಿ, ಯಾರ ಹತ್ತಿರವೂ ನಾನು ಬಿಡಿಗಾಸು ಮುಟ್ಟಲಿಲ್ಲ. ಹಾಗಂತ ಜನ ದೂರುವುದನ್ನೇನೂ ಕಡಿಮೆ ಮಾಡಲಿಲ್ಲ. ಟೀಗೆ ಸಕ್ಕರೆ ಸಾಲದು ಅಂದರು. ನಾನು ಮೊಟ್ಟೆ ಬೇಯಿಸಿದರೆ ಬಸ್ಸಿನಲ್ಲಿ ವಾಸನೆ ಅಂದರು.

ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ನನ್ನ ದಿಂಬಿನ ಮೇಲೆ, ಕೆನ್ನೆಗೆ ತಾಗುವ ಹಾಗೆ, ಒಂದು ಕರ್ಚೀಫು. ಕಿಟಕಿಯಲ್ಲಿ ಒಬ್ಬ ದಪ್ಪ ಹೆಂಗಸಿನ ಮುಖ.

“ಏಳಮ್ಮ, ಅದು ನನ್ನ ಸೀಟು.”

“ಇದು ನನ್ನ ಹಾಸಿಗೆ ಕಣ್ರೀ.”

“ಕರ್ಚೀಫ್ ಹಾಕಿದ್ದೀನಲ್ಲ, ಕಾಣಲ್ವಾ?”

ಕರ್ಚೀಫಿನ ಪಂಚಾಯಿತಿಗಳನ್ನು ಬೇಕಾದಷ್ಟು ಬಗೆಹರಿಸಿದವಳು ನಾನು. ಕೂತವರು ಎಷ್ಟೇ ಕೂಗಾಡಲಿ, ಕರ್ಚೀಫಿನ ಕಡೆಗೇ ನ್ಯಾಯ ಹೇಳಿದವಳು. ಈಗ ನನಗೊಂದು ನ್ಯಾಯ, ಊರಿಗೊಂದು ನ್ಯಾಯ ಅನ್ನಲಾಗುತ್ತದೆಯೇ. ಮರುಮಾತಿಲ್ಲದೆ ಎದ್ದು ಹಾಸಿಗೆ ಬಿಟ್ಟುಕೊಟ್ಟೆ. ಇವರು ಆಗಲೇ ಸ್ಟೇರಿಂಗಿನ ಮುಂದೆ ಕೂತು ಕನ್ನಡಿ ಒರೆಸುತ್ತಿದ್ದರು. ಆ ಕರ್ಚೀಫಿನಮ್ಮ ಅವತ್ತಿನಿಂದ ನಮ್ಮ ದಿಂಬಿಗೆ ಕಾಯಂ ಗಿರಾಕಿ.

ಆಮೇಲೆ ಚೆಕಿಂಗ್ ಇನ್ಸ್‌ಪೆಕ್ಟರ್ ಹತ್ತಿದ. ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸದ್ಯ, ಹಿಡಿದರು, ಪರ್ಮಿಟ್ ಇಲ್ಲ ಅಂತ ನಿಲ್ಲಿಸುತ್ತಾರೆ, ಪೀಡೆ ಕಳೆಯಿತು, ಇವತ್ತಾದರೂ ನೀರಿಗಿಳಿಯುತ್ತೇವೆ ಅಂದುಕೊಂಡೆ. ಅವನು ಟೋಪಿ ಸರಿಮಾಡಿಕೊಂಡು ಎಲ್ಲರನ್ನೂ ಟಿಕೆಟ್ ಕೇಳಿದ. ಯಾರ ಹತ್ತಿರವೂ ಇಲ್ಲ. ನಿದ್ದೆಯಲ್ಲಿದ್ದ ನರ್ಸಮ್ಮನ ಹತ್ತಿರವೂ ಇಲ್ಲ.

“ಒಬ್ಬರೋ ಇಬ್ಬರೋ ಟಿಕೆಟ್ ಇಲ್ದೆ ಬಂದ್ರೆ ಅಪರಾಧ” ಅಂದ ಇನ್ಸ್‌ಪೆಕ್ಟರ್. “ಎಲ್ಲರೂ ಹಾಗೇ ಬಂದ್ರೆ ಅದು ಪದ್ಧತಿ. ಅದರಲ್ಲಿ ನಾನು ಕೈ ಹಾಕಲ್ಲ.”

“ಸಾರ್, ಇದು ಬಸ್ಸೇ ಅಲ್ಲ” ಅಂದೆ. “ಇದು ನಮ್ಮ ಮನೆ. ನೋಡಿ, ಒಲೆ ಮೇಲೆ ಹಾಲಿದೆ.”

“ಹಾಲು ಉಕ್ತಾ ಇದೆ, ಮೊದಲು ಅದನ್ನ ಆರಿಸಮ್ಮ. ಅದಿರಲಿ, ಬಸ್ಸಲ್ಲದಿದ್ರೆ ಸ್ಟಾಪಲ್ಲಿ ಯಾಕೆ ನಿಲ್ಲುತ್ತೆ?”

ನಾನು ಹೋಗಿ ಒಲೆ ಆರಿಸಿದೆ. ಅವನು ಗಾಡಿ ತಡವಾಗಿ ಓಡುತ್ತಿದೆ ಅಂತ ನಮ್ಮಿಬ್ಬರಿಗೂ ಛೀಮಾರಿ ಹಾಕಿದ. ಗಡಿಯಾರ ರಿಪೇರಿಯವ ತನ್ನ ಪೆಟ್ಟಿಗೆಯಿಂದ ಮೂರು ವಾಚು ತೆಗೆದು, ಹೌದು ಸಾರ್, ಮೂರರಲ್ಲೂ ಲೇಟು ಅಂತ ಸಾಕ್ಷಿ ಹೇಳಿದ. ಕೊನೆಗೆ ಇನ್ಸ್‌ಪೆಕ್ಟರ್ ಇವರ ಭುಜ ತಟ್ಟಿ, “ಆದ್ರೂ ಇಷ್ಟು ನುಣ್ಣಗೆ ಬ್ರೇಕ್ ಹಿಡಿಯೋ ಡ್ರೈವರನ್ನ ನಾನು ನೋಡಿಲ್ಲ. ಮೇಲಿನವರಿಗೆ ಹೇಳಿ ಈ ರೂಟನ್ನ ನಿಮಗೇ ಕಾಯಂ ಮಾಡಿಸ್ತೀನಿ. ಗಾಡಿಗೆ ಪೇಂಟೂ ಹೊಡೆಸೋಣ” ಅಂದು ತನ್ನ ಮನೆಯ ಹತ್ತಿರ ಇಳಿದುಹೋದ.

ಕಾಯಂ. ಆ ಮಾತು ಕೇಳಿ ನನ್ನ ಗಂಡನ ಕಿವಿ ಕೆಂಪಾದದ್ದನ್ನು ಹಿಂದಿನಿಂದಲೇ ಕಂಡೆ. ಹಿಗ್ಗಿ ಹೀರೇಕಾಯಿ ಆಗಿದ್ದರು. ಇದುವರೆಗೆ ನಾಳೆ, ನಾಳೆ ಅನ್ನುತ್ತಿದ್ದರು, ಆ ನಾಳೆಯ ಬಾಲ ಹಿಡಿದು ಜೀವಿಸಿದ್ದೆ. ಇನ್ನು ಅದೂ ಇಲ್ಲ. ನಾನು ಸಾಯುವ ದಿನವೂ ಇವರು ಗೋಡೆ ಕಡೆಗೋ ರಸ್ತೆ ಕಡೆಗೋ ನೋಡುತ್ತಿರುತ್ತಾರೆ, ನಾನು ಇವರ ಬೋಳು ತಲೆ ನೋಡಿಕೊಂಡೇ ಕಣ್ಣು ಮುಚ್ಚುತ್ತೇನೆ ಅನಿಸಿತು. ಅಳು ಬಂತು. ಅಳುವುದಕ್ಕೂ ಜಾಗವಿಲ್ಲ, ಹಿಂದಿನ ಮೂಲೆಯಲ್ಲಿ ಯಾರದೋ ಕೊಡೆ, ಯಾರದೋ ಮೊಣಕೈ.

“ರೀ, ಮುಂದಿನ ಸ್ಟಾಪಲ್ಲಿ ಇಳಿಯೋಣ” ಅಂದೆ. “ಇವತ್ತೇ. ಈಗಲೇ.”

“ಇಷ್ಟು ಜನರನ್ನ ನಡುದಾರೀಲಿ ಬಿಟ್ಟಾ?”

“ನನ್ನ ಬಿಟ್ಟಿದ್ದೀರಲ್ಲ, ಅಷ್ಟೇ ಸುಲಭ.”

ಕನ್ನಡಿಯಲ್ಲಿ ಹುಬ್ಬು ಹಾರಲಿಲ್ಲ. ಅಂದರೆ ಮಾತು ನಾಟಿತು. ಆದರೆ ಮುಂದಿನ ಸ್ಟಾಪಿನಲ್ಲಿ ಗಾಡಿ ನಿಂತಾಗ ಅವರು ಎಂದಿನಂತೆ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಮುಂದೆಯೇ ನೋಡುತ್ತಾ ಕೂತರು. ನನಗೆ ಪಿತ್ತ ನೆತ್ತಿಗೇರಿತು. ಜನರನ್ನು ಸರಿಸಿಕೊಂಡು ಮುಂದೆ ಬಂದು ದಡದಡ ಇಳಿದುಬಿಟ್ಟೆ. ಇಳಿದು, ಬಾಗಿಲನ್ನು ಪಟಾರನೆ ಎಳೆದು, ಗಾಡಿಯ ತಗಡಿಗೆ ಎರಡು ಏಟು ಕೊಟ್ಟು “ರೈಟ್” ಅಂದೆ.

ಗಾಡಿ ಹೊರಟುಹೋಯಿತು.

ಬೇರೆ ಯಾವ ಹೆಂಗಸಾದರೂ ಕೋಪಿಸಿಕೊಂಡು ಇಳಿದರೆ ಗಂಡ ಹಿಂದೆ ಬರಲಿ ಅಂತ ಇಳಿಯುತ್ತಾಳೆ. ನಾನು ಅವರನ್ನು ನನ್ನ ಬಾಯಾರೆ ಕಳಿಸಿಕೊಟ್ಟಿದ್ದೆ. ಹೊಗೆಯ ವಾಸನೆ ಹೋಗುವವರೆಗೂ ರಸ್ತೆಯಲ್ಲೇ ನಿಂತಿದ್ದೆ. ಎದುರಿಗೆ, ರಸ್ತೆಯ ಆ ಬದಿಗೆ, ಇಳಿಜಾರಿನ ಮರಳು, ಅದರಾಚೆ ಸಮುದ್ರ. ಯಾರೂ ಇಲ್ಲ. ಹೋಗಿ ಕಾಲಿಡಬಹುದಿತ್ತು, ಯಾರು ಬೇಡ ಅಂದರು. ಒಬ್ಬಳೇ ನೀರಲ್ಲಿ ನಿಲ್ಲುವುದಾಗಿದ್ದರೆ ಮನೆಯ ಬಚ್ಚಲಲ್ಲೇ ನಿಲ್ಲುತ್ತಿದ್ದೆ.

ಹೋದ ಬಸ್ಸು ತಿರುಗಿ ಬರಲೇಬೇಕು, ಅಷ್ಟು ಗೊತ್ತಿತ್ತು. ರಸ್ತೆ ದಾಟಿ, ಆ ಬದಿಯ ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಕೂತವಳಿಗೆ ಭಯ ಶುರುವಾಯಿತು. ನಾನಿಲ್ಲದ್ದು ಅವರಿಗೆ ಗೊತ್ತಾಗುತ್ತದೋ ಇಲ್ಲವೋ. ಗೊತ್ತಾಗದಿದ್ದರೆ? ಯಾರೋ ರೈಟ್ ಅನ್ನುತ್ತಾರೆ, ಇವರು ಹೋಗುತ್ತಿರುತ್ತಾರೆ, ಅಷ್ಟಕ್ಕೆ ಅವರ ಹೆಂಡತಿಯ ಕೆಲಸ ಮುಗಿಯಿತೇ? ಬಿಸಿಲು ಕಾಲಿನ ಮೇಲಿಂದ ಮಡಿಲಿಗೆ ಬಂತು. ಬಯ್ಯಬೇಕಾದ್ದನ್ನೆಲ್ಲಾ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ. ಮದುವೆಯ ದಿನದಿಂದ ಶುರುಮಾಡಿದ್ದೆ.

ಆ ಹೊತ್ತಿನಲ್ಲಿ ಗಾಡಿಯೊಳಗೆ ನಡೆದದ್ದನ್ನು, ಅಷ್ಟರಲ್ಲಿ ಎಚ್ಚೆತ್ತಿದ್ದ ನರ್ಸಮ್ಮ ಆಮೇಲೆ ಹೇಳಿದಳು. ಮುಂದಿನ ಸ್ಟಾಪಿನಲ್ಲಿ ಜನ ಹತ್ತಿ ಆಯಿತು, ಇಳಿದೂ ಆಯಿತು, ರೈಟ್ ಬರಲಿಲ್ಲ. ಇವರು ಕಾದರು. ಕರ್ಚೀಫಿನಮ್ಮ ತಡೆಯಲಾರದೆ ತಾನೇ “ರೈಟ್” ಅಂದಳು. ಇವರು ತಲೆಯಾಡಿಸಿ “ಇದಲ್ಲ” ಅಂದರಂತೆ. ಗಡಿಯಾರದವನು ಹೇಳಿ ನೋಡಿದ. ಇದೂ ಅಲ್ಲ ಅಂದರು. ಕಂಡಕ್ಟರಮ್ಮ ಆಗಲೇ ಇಳಿದರಲ್ಲ, ಡ್ಯೂಟಿ ಮುಗೀತೇನೋ ಅಂದ್ಕೊಂಡ್ವಿ ಅಂತ ಯಾರೋ ಹೇಳಿದಾಗ ಇವರು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಖಾಲಿ ಸ್ಟೂಲನ್ನು ನೋಡಿದರಂತೆ. ಆಮೇಲೆ ಯಾರ ರೈಟಿಗೂ ಕಾಯದೆ ಹೊರಟರಂತೆ. ಹಾಗಂತ ಅಲ್ಲೇ ಗಾಡಿ ತಿರುಗಿಸಿದರೇ? ಇಲ್ಲ. ನಡುದಾರಿಯಲ್ಲಿ ತಿರುಗಿಸುವ ಹಾಗಿಲ್ಲವಂತೆ. ದೀಪಸ್ತಂಭದವರೆಗೆ ಹೋಗಿ, ಟೀ ಕುಡಿಯದೆ, ಟೈರು ಒದೆಯದೆ, ಬೆವರುತ್ತಾ, ಎಲ್ಲಾ ಸ್ಟಾಪಿನಲ್ಲೂ ನಿಲ್ಲಿಸಿಕೊಂಡೇ ವಾಪಸು ಬಂದರು. ಈ ಮನುಷ್ಯನಿಗೆ ಏನು ಹೇಳುವುದು.

ತಿರುವಿನಲ್ಲಿ ಮನೆಗಾಡಿ ಕಾಣಿಸಿತು. ನಾನು ಎದ್ದು ನಿಂತೆ. ಕೈ ಮಾಡಲಿಲ್ಲ. ಅದು ನನ್ನ ಮುಂದೆ ನುಣ್ಣಗೆ ಬಂದು ನಿಂತಿತು, ಗಡಿಯಾರದವನು ಬಾಗಿಲು ತೆರೆದು ಪಕ್ಕಕ್ಕೆ ಸರಿದ. ಇವರು ಸ್ಟೇರಿಂಗಿನಿಂದ ಕೈ ತೆಗೆದು, ಇಡೀ ಮೈಯನ್ನು ನನ್ನ ಕಡೆಗೆ ತಿರುಗಿಸಿದರು. ನೆಟ್ಟಗೆ ನನ್ನ ಮುಖ ನೋಡಿದರು. ಹೆದರಿದ್ದರು. ಏನೋ ಹೇಳಬೇಕು, ಮಾತು ಸಿಗುತ್ತಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತವರಿಗೆ ಹೇಳುವಂಥದ್ದು ಅವರಿಗೆ ಗೊತ್ತಿದ್ದದ್ದು ಒಂದೇ ಮಾತು, ಅದೂ ನನ್ನಿಂದ ಕೇಳಿ ಕೇಳಿ ಗೊತ್ತಿದ್ದದ್ದು.

“ಎಲ್ಲಿಗೆ ಹೋಗ್ಬೇಕಮ್ಮಾ?” ಅಂದರು.

ಜೋಡಿಸಿಟ್ಟುಕೊಂಡ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ನೌಕರಿ ಪೂರ್ತಿ ಕಂಡಕಂಡವರನ್ನೆಲ್ಲಾ ಇದೇ ಮಾತು ಕೇಳಿದ್ದೇನೆ. ಕುಡುಕರನ್ನು ಕೇಳಿದ್ದೇನೆ, ಕೂಸುಗಳನ್ನು ಕೇಳಿದ್ದೇನೆ, ಓಡಿಹೋಗುವ ಹುಡುಗಿಯರನ್ನು ಕೇಳಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ. ಅಪ್ಪ ಕೇಳಲಿಲ್ಲ, ಅತ್ತೆ ಕೇಳಲಿಲ್ಲ, ಇವರಂತೂ ಕೇಳಲೇ ಇಲ್ಲ.

“ಇಲ್ಲಿಗೇ” ಅಂದೆ.

ಅವರ ತಲೆ ಓಡುವುದು ರೂಟಿನ ಪ್ರಕಾರ, ಅದಕ್ಕೆ ಅದರದೇ ಟೈಮು ಬೇಕು.

“ಇಲ್ಲಿಗೇ ಅಂದ್ರೆ ಬಂದಾಯ್ತಲ್ಲ” ಅಂದರು. ಇಂಜಿನ್ ಆಫ್ ಮಾಡಿ, ಸೀಟಿನಿಂದೆದ್ದು ಬಾಗಿಲಿಗೆ ಬಂದರು.

“ಯಾಕೆ ಸ್ವಾಮಿ? ಪೇಟೆ ಇನ್ನೂ ದೂರ ಇದೆ” ಅಂದ ಗಡಿಯಾರದವನು.

“ನಂಗೆ ಇದೇ ಲಾಸ್ಟ್ ಸ್ಟಾಪು” ಅಂದು ಇಳಿದೇಬಿಟ್ಟರು.

ಇಳಿದವರು ನನ್ನೆದುರು ನಿಂತರು. ಸ್ಟೇರಿಂಗ್ ಇಲ್ಲದೆ ಕೈ ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಜೇಬಿಗೆ ಹಾಕಿದರು, ಒಮ್ಮೆ ಹಿಂದೆ ಕಟ್ಟಿದರು. ನಾನು ಒಂದು ಕೈ ಹಿಡಿದೆ. ಮರಳಿನಲ್ಲಿ ಇಳಿದು, ಮೊಣಕಾಲು ನೆನೆಯುವಷ್ಟು ನೀರಿಗೆ ಹೋದೆವು. ಎದುರುಬದುರು ನಿಂತೆವು. ಅವರ ಕಣ್ಣು ಕಂದು ಬಣ್ಣದ್ದು. ಇಷ್ಟು ವರ್ಷ ಕಪ್ಪು ಅಂದುಕೊಂಡಿದ್ದೆ. ಗಲ್ಲದ ಮೇಲೊಂದು ಹಳೇ ಗಾಯದ ಕಲೆ, ಯಾವಾಗ ಆಯಿತೋ ನನಗೆ ಗೊತ್ತೇ ಇಲ್ಲ.

“ಏನು ಹಾಗೆ ನೋಡ್ತೀಯಾ?” ಅಂದರು.

“ನೋಡ್ಬಾರ್ದಾ?”

“ನೋಡು.” ಆಮೇಲೆ ಮೆಲ್ಲಗೆ, “ನಿನ್ನ ಮೂಗು ಸ್ವಲ್ಪ ಎಡಕ್ಕಿದೆಯಲ್ಲೇ. ಮೊದಲಿಂದಲೂ ಹೀಗೇನಾ?”

“ಹುಟ್ಟಿದಾಗಿನಿಂದ.”

“ಚೆನ್ನಾಗಿದೆ” ಅಂದರು.

ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಇಂಜಿನ್ ಗುಡುಗುಡು ಅಂದಿತು. ತಿರುಗಿ ನೋಡಿದರೆ ಸ್ಟೇರಿಂಗಿನಲ್ಲಿ ಗಡಿಯಾರದವನು. ಕರ್ಚೀಫಿನಮ್ಮ ಬಾಗಿಲಲ್ಲಿ ನೇತಾಡುತ್ತಾ, ಗಂಟಲು ಹರಿಯುವ ಹಾಗೆ “ರೈಟ್ ರೈಟ್” ಅಂದಳು. ಮನೆಗಾಡಿ ಎರಡು ಸಲ ಮುಗ್ಗರಿಸಿ ಹೊರಟಿತು. ನಮ್ಮ ಹಾಸಿಗೆ, ಒಲೆ, ಹೂವಿನ ಪರದೆ, ಹಗ್ಗದ ಮೇಲಿನ ಬಟ್ಟೆ ಎಲ್ಲಾ ಹೊತ್ತುಕೊಂಡು ತಿರುವಿನಲ್ಲಿ ಮರೆಯಾಯಿತು.

ಇವರು ಒಂದು ಹೆಜ್ಜೆ ದಡದ ಕಡೆ ಇಟ್ಟು ನಿಂತರು. “ಗಾಡಿ ಹೋಯ್ತು ಕಣೇ” ಅಂದರು. ಅವರ ದನಿ ಕೇಳಿದರೆ ಪಾಪ ಅನಿಸುವಂತಿತ್ತು.

ಕೈ ಇನ್ನೂ ನನ್ನ ಕೈಯಲ್ಲಿತ್ತು. ತುಂಬಿದ ಬಸ್ಸಿನ ಬಾಗಿಲಿನಿಂದ ಸ್ಟಾಪಿನಲ್ಲಿ ಉಳಿದವರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದೆ.

“ಹೋಗ್ಲಿ ಬಿಡಿ. ಹಿಂದೆ ಖಾಲಿ ಬಸ್ ಬರ್ತಿದೆ.”

ಈ ಮಾತು ಹೇಳದ ಕಂಡಕ್ಟರ್ ಇಲ್ಲ, ಹಾಗೆ ಹೇಳಿದ ಖಾಲಿ ಬಸ್ಸು ಬಂದದ್ದೂ ಇಲ್ಲ. ಡ್ರೈವರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರು ರಸ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು, ನನ್ನ ಮುಖ ನೋಡಿಕೊಂಡೇ ನಕ್ಕರು.